ಕೈ ಮರೆಯದ ಆಟಗಳು

ಅಟಾರಿ ಕಂಪನಿ ತನ್ನ ‘ಪಾಂಗ್’ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಂಬಲ್ಲಿನ ಒಂದು ಬಾರಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದು 1972ರಲ್ಲಿ. ಸ್ವಲ್ಪ ದಿನಕ್ಕೇ ಯಂತ್ರ ನಿಂತುಹೋಗಿದೆ ಎಂದು ಬಾರಿನವರಿಂದ ದೂರು ಬಂತು. ಅದನ್ನು ಕಟ್ಟಿದ್ದ ಅಲನ್ ಅಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಕೆಟ್ಟದ್ದು ಏನೂ ಇಲ್ಲ. ಚಿಲ್ಲರೆ ಬೀಳುವ ಡಬ್ಬ ತುಂಬಿ ತುಳುಕಿ ಇನ್ನೊಂದು ನಾಣ್ಯಕ್ಕೆ ಜಾಗ ಇರಲಿಲ್ಲ. ಅಂದಿನಿಂದ ಐವತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಬಂದು ಹೋದ ಆಟಗಳನ್ನೆಲ್ಲ ಎಣಿಸುವ ಗೋಜಿಗೆ ಈ ಬರಹ ಹೋಗುವುದಿಲ್ಲ. ಆಡಿದವರ ಮನಸ್ಸಿನಲ್ಲಿ ಇಪ್ಪತ್ತು ಮೂವತ್ತು ವರ್ಷದ ಮೇಲೂ ಕೂತಿರುವ ಕೆಲವನ್ನು ಎತ್ತಿಕೊಂಡು, ಅವೇ ಏಕೆ ಉಳಿದವು ಎಂದು ಕೇಳುವುದಷ್ಟೇ ಇಲ್ಲಿನ ಉದ್ದೇಶ.

ಹಣ ಸುರಿದರೆ ನೆನಪು ಹುಟ್ಟುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ‘ಇ.ಟಿ.’ ಎಂಬ ಆಟ ಇದೆ. ಸ್ಪೀಲ್‌ಬರ್ಗ್ ಸಿನಿಮಾದ ಹೆಸರಿನ ಮೇಲೆ 1982ರ ಕ್ರಿಸ್‌ಮಸ್ ಮಾರಾಟಕ್ಕೆ ಸಿಗಲೇಬೇಕೆಂದು ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಅದನ್ನು ಐದೇ ವಾರದಲ್ಲಿ ಮುಗಿಸಿಕೊಡಬೇಕಾಯಿತು. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳನ್ನು ಮರುವರ್ಷ ನ್ಯೂ ಮೆಕ್ಸಿಕೋದ ಅಲಮಗಾರ್ಡೊದಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿದರು. 2014ರಲ್ಲಿ ಅಗೆದು ಹೊರತೆಗೆದರು. ಆಟದೊಳಗೂ ಆ ಪಾಪದ ಜೀವಿ ಹೆಜ್ಜೆಹೆಜ್ಜೆಗೂ ಗುಂಡಿಗೇ ಬೀಳುತ್ತಿತ್ತು ಎಂಬುದು ಬೇರೆ ಮಾತು.

ನಮ್ಮ ಮಟ್ಟಿಗೆ ಹೇಳುವುದಾದರೆ, ಆಟವೊಂದು ಕಣ್ಣಿಗೆ ತೋರಿಸಿದ್ದು ಬಹಳ ಬೇಗ ಹಳತಾಗುತ್ತದೆ. ಅದು ಆಡುವವನ ಕೈಯಿಂದ ಮಾಡಿಸಿದ್ದು ಹಾಗಲ್ಲ. ಸಿನಿಮಾದಲ್ಲಿ ನಾಯಕ ತಪ್ಪು ಮಾಡಿದರೆ ನಾವು ನೋಡುತ್ತೇವೆ, ಮರುಗುತ್ತೇವೆ. ಆಟದಲ್ಲಿ ಗುಂಡಿ ಒತ್ತಿದ್ದು ನಾವು. ಮನಸ್ಸಿನಲ್ಲಿ ಉಳಿದ ಆಟಗಳನ್ನು ಒಂದೊಂದಾಗಿ ತಿರುವಿ ನೋಡಿದರೆ ಎಲ್ಲೋ ಒಂದು ಕಡೆ ಈ ಎಳೆ ಸಿಗುತ್ತದೆ.

ಜಪಾನಿನ ತೊಮೊಹಿರೊ ನಿಶಿಕಾದೊ 1978ರಲ್ಲಿ ಟೈಟೊ ಕಂಪನಿಗಾಗಿ ‘ಸ್ಪೇಸ್ ಇನ್‌ವೇಡರ್ಸ್’ ಮಾಡಿದಾಗ ಪರದೆಯ ಮೇಲೆ ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು 55 ವೈರಿಗಳನ್ನು ನಿಲ್ಲಿಸಿದ್ದರು. ಅಷ್ಟನ್ನೂ ಒಟ್ಟಿಗೆ ಸರಿಸುವ ತ್ರಾಣ ಅಂದಿನ ಪ್ರೊಸೆಸರಿಗೆ ಇರಲಿಲ್ಲ. ಹಾಗಾಗಿ ಅವು ಮೊದಮೊದಲು ತೆವಳುತ್ತಿದ್ದವು; ಒಂದೊಂದು ಸತ್ತಂತೆ ಯಂತ್ರದ ಹೊರೆ ಇಳಿದು, ಉಳಿದವು ಜೋರಾಗಿ ಓಡತೊಡಗಿದವು. ನಿಶಿಕಾದೊ ಅದನ್ನು ಸರಿಮಾಡಲು ಹೋಗಲಿಲ್ಲ, ಹಾಗೆಯೇ ಬಿಟ್ಟರು. ಗೆಲ್ಲುತ್ತಾ ಹೋದಷ್ಟೂ ಎದೆ ಡವಗುಟ್ಟುವ ಆಟವೊಂದು ಹಾಗೆ ಯಂತ್ರದ ಬಡತನದಿಂದಲೇ ಹುಟ್ಟಿತು. ಕೊನೆಗೆ ಉಳಿದ ಒಂದೇ ಒಂದು ವೈರಿ ಪರದೆಯ ಈ ತುದಿಯಿಂದ ಆ ತುದಿಗೆ ಓಡುವ ವೇಗ ಕಂಡವರಿಗೆ ಗೊತ್ತು, ಆ ಬೆವರು ಯಾವ ಥರದ್ದೆಂದು.

‘ಟೆಟ್ರಿಸ್’ ಕತೆ ಇನ್ನೂ ವಿಚಿತ್ರ. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೂತು ಅಲೆಕ್ಸಿ ಪಜಿತ್ನೊವ್ ಇದನ್ನು ಬರೆದಾಗ ಅವರ ಮುಂದಿದ್ದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲೂ ಬರುತ್ತಿರಲಿಲ್ಲ. ಅಕ್ಷರಗಳ ನಡುವೆ ಹಾಕುವ ಕಂಸಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಕತೆ ಇಲ್ಲ, ರಾಜಕುಮಾರಿ ಇಲ್ಲ, ಮುಖವೇ ಇಲ್ಲ. ನಾಲ್ಕು ಚೌಕ ಸೇರಿ ಆಗುವ ಏಳು ಆಕಾರಗಳು ಮೇಲಿಂದ ಬೀಳುತ್ತವೆ; ಸಾಲು ತುಂಬಿದರೆ ಮಾಯ, ತುಂಬದಿದ್ದರೆ ಗುಡ್ಡೆ. ಗೆಲುವು ಅಂತೊಂದು ಇಲ್ಲಿಲ್ಲ, ಸೋಲನ್ನು ಎಷ್ಟು ಹೊತ್ತು ಮುಂದೂಡಬಹುದು ಅನ್ನುವುದೊಂದೇ. ನಿಂಟೆಂಡೊ 1989ರಲ್ಲಿ ಗೇಮ್ ಬಾಯ್ ಜತೆ ಇದನ್ನು ಕೊಟ್ಟ ಮೇಲೆ ಜಗತ್ತೆಲ್ಲ ಹಬ್ಬಿತು. ಆಟದ ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿದ್ದುದರಿಂದ 1996ರ ತನಕ ಪಜಿತ್ನೊವ್‌ಗೆ ಇದರಿಂದ ಕೈಗೆ ಬಂದದ್ದು ಏನೂ ಇಲ್ಲವೆನ್ನುವಷ್ಟು ಕಡಿಮೆ.

ಈ ಇಟ್ಟಿಗೆಗಳು ಮನಸ್ಸಿನ ಯಾವ ಮೂಲೆಯಲ್ಲಿ ಹೋಗಿ ಕೂರುತ್ತವೆ ಎಂಬುದನ್ನು ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಮೂರು ದಿನದಲ್ಲಿ ಒಟ್ಟು ಏಳು ಗಂಟೆ ಟೆಟ್ರಿಸ್ ಆಡಿಸಿ, ರಾತ್ರಿ ಜೊಂಪು ಹತ್ತುವ ಹೊತ್ತಿಗೆ ಏನು ಕಾಣಿಸಿತೆಂದು ಕೇಳಿದರು. ಆಡಿದವರಲ್ಲಿ ಐದು ಜನ ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ಉಳಿಸಿಕೊಳ್ಳಲಾಗದವರಿದ್ದರು. ಬೆಳಿಗ್ಗೆ ಆಡಿದ್ದು ಸಂಜೆಗೆ ಅವರಿಗೆ ನೆನಪಿರುತ್ತಿರಲಿಲ್ಲ. ಆಟವನ್ನು ದಿನಾ ಹೊಸದಾಗಿ ಹೇಳಿಕೊಡಬೇಕಿತ್ತು. ಆದರೂ ಅವರಲ್ಲಿ ಮೂವರು, ಕಣ್ಣು ಮುಚ್ಚಿದರೆ ಏನೋ ಆಕಾರಗಳು ಮೇಲಿಂದ ಬೀಳುತ್ತವೆ, ತಿರುಗುತ್ತವೆ ಎಂದು ಹೇಳಿದರು. ಯಾವ ಆಟ ಎಂದು ಗೊತ್ತಿಲ್ಲ, ಆಡಿದ್ದೇ ಗೊತ್ತಿಲ್ಲ, ಆಟ ಮಾತ್ರ ಒಳಗೆ ನಡೆದೇ ಇದೆ! ಆಮೇಲೆ ಇದೇ ಆಟವನ್ನು ಉಲ್ಟಾ ಬಳಸಿ ನೋಡಿದವರೂ ಉಂಟು. ಎಮಿಲಿ ಹೋಮ್ಸ್ ಅವರ ತಂಡ ಆಕ್ಸ್‌ಫರ್ಡಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ರಸ್ತೆ ಅಪಘಾತದ ಗಾಯಾಳುಗಳಲ್ಲಿ ಕೆಲವರಿಗೆ ಕಾಯುವ ಹೊತ್ತಿನಲ್ಲಿ ಟೆಟ್ರಿಸ್ ಆಡಿಸಿತು. ಹಾಗೆ ಆಡಿದವರಿಗೆ ಮುಂದಿನ ಒಂದು ವಾರ ಅಪಘಾತದ ದೃಶ್ಯ ಕಣ್ಣಿಗೆ ಕಟ್ಟುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ನೆನಪಿನಲ್ಲಿ ಜಾಗ ಹಿಡಿಯುವ ಆಟ, ಬೇಡದ ನೆನಪಿನ ಜಾಗವನ್ನೂ ಹಿಡಿಯಬಲ್ಲದು.

ನಮ್ಮಲ್ಲಿ ಟೆಟ್ರಿಸ್ ಎಂಬ ಹೆಸರು ಗೊತ್ತಿಲ್ಲದೆ ಅದನ್ನು ಆಡಿದವರೇ ಜಾಸ್ತಿ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತಿದ್ದ, ಎರಡು ಪೆನ್ಸಿಲ್ ಸೆಲ್ಲು ಹಾಕುವ ಅಂಗೈಯಗಲದ ‘ಬ್ರಿಕ್ ಗೇಮ್’ ಅದೇ. ಡಬ್ಬದ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದುದು ಬೆರಳೆಣಿಕೆಯ ಆಟ. ಟಿ.ವಿ.ಗೆ ಜೋಡಿಸುವ ವಿಡಿಯೋ ಗೇಮಿನ ಕತೆಯೂ ಹೀಗೆಯೇ. ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ನಕಲುಗಳು ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರು ಹೊತ್ತು 90ರ ದಶಕದ ಮಧ್ಯಮವರ್ಗದ ಮನೆಗಳಿಗೆ ಬೇಸಿಗೆ ರಜೆಯಲ್ಲಿ ಬಂದವು. ಕೊಳ್ಳಲಾಗದವರು ದಿನದ ಬಾಡಿಗೆಗೆ ತಂದರು. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು, ಬುಡಕ್ಕೆ ಬಾಯಿಟ್ಟು ಊದಿ ಮತ್ತೆ ಹಾಕುವುದು ಎಲ್ಲ ಮನೆಯಲ್ಲೂ ಇದ್ದ ರಿಪೇರಿ.

ಆ ಕ್ಯಾಸೆಟ್ಟುಗಳಲ್ಲಿ ಮಾರಿಯೋ ಇತ್ತು, ಟ್ಯಾಂಕ್ ಇತ್ತು. ಮಾರಿಯೋ ಬಗ್ಗೆ ಜಗತ್ತೇ ಬೇಕಾದಷ್ಟು ಬರೆದಿದೆ. ಒಟ್ಟು 40 ಕಿಲೋಬೈಟಿನಲ್ಲಿ ಅಷ್ಟು ದೊಡ್ಡ ಲೋಕ ಹಿಡಿಸಬೇಕಾಗಿ ಬಂದು, ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದಾರೆ ಎಂಬುದನ್ನು ಹೇಳಿ ಮುಂದೆ ಹೋಗೋಣ. ನಮ್ಮ ಹುಡುಗರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ‘ಕಾಂಟ್ರಾ’. ಕೊನಾಮಿ ಕಂಪನಿಯ ಈ ಆಟ ಇಬ್ಬರು ಜೊತೆಯಾಗಿ ಆಡುವಂಥದ್ದು, ಅದರ ಮೂರನೇ ಸ್ಟೇಜಿನಲ್ಲಿ ಒಂದು ಜಲಪಾತವಿದೆ. ಬಂಡೆಯಿಂದ ಬಂಡೆಗೆ ಹಾರುತ್ತಾ ಮೇಲಕ್ಕೆ ಹತ್ತಬೇಕು. ಪರದೆ ಮಾತ್ರ ಮುಂದೆ ಹೋದವನ ಜೊತೆಗೇ ಮೇಲೇರುತ್ತದೆ. ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕು ಸಾಯುತ್ತಾನೆ. ಅಂದರೆ ಅವನನ್ನು ಕೊಂದದ್ದು ವೈರಿಯ ಗುಂಡಲ್ಲ, ಅಣ್ಣನ ಅವಸರ. “ಏಯ್, ನಿಲ್ಲೋ, ನಾನಿನ್ನೂ ಕೆಳಗಿದೀನಿ!” ಎಂದು ಕೂಗಾಡದ ಮನೆ ಇರಲಿಲ್ಲ. ತಮ್ಮಂದಿರಿಗೆ ಅದು ಇಂದಿಗೂ ನೆನಪಿದೆ. ಅಣ್ಣಂದಿರನ್ನು ಕೇಳಿದರೆ ಹಾಗೇನೂ ಆಗಲಿಲ್ಲ ಅನ್ನುತ್ತಾರೆ.

ಕಾಂಟ್ರಾದಲ್ಲಿ ಮೂವತ್ತು ಲೈಫ್ ಸಿಗಲು ಒತ್ತಬೇಕಾದ ಗುಂಡಿಗಳ ಗುಟ್ಟು ಇದು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಇದನ್ನು ಬರೆದವರು ಕಜುಹಿಸಾ ಹಶಿಮೊತೊ, ಅದೂ ಕಾಂಟ್ರಾಕ್ಕಲ್ಲ. 1986ರಲ್ಲಿ ‘ಗ್ರಾಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುತ್ತಿದ್ದಾಗ ಪರೀಕ್ಷೆಗೆಂದು ಆಡಿ ಮುಗಿಸಲು ಅವರಿಗೇ ಆಗುತ್ತಿರಲಿಲ್ಲವಂತೆ. ಅದಕ್ಕೆ ತಮ್ಮ ಅನುಕೂಲಕ್ಕೊಂದು ಕಳ್ಳದಾರಿ ಇಟ್ಟುಕೊಂಡರು. ಅದು ತೆಗೆಯದೆ ಹಾಗೇ ಉಳಿದು ಮಾರಾಟಕ್ಕೆ ಹೋಯಿತು. ಹಶಿಮೊತೊ 2020ರಲ್ಲಿ ತೀರಿಕೊಂಡರು. ಅವರ ಹೆಸರು ಕೇಳಿರದ ಕೋಟಿಗಟ್ಟಲೆ ಬೆರಳುಗಳು ಆ ಹತ್ತು ಒತ್ತುಗಳನ್ನು ಇನ್ನೂ ಮರೆತಿಲ್ಲ. ನಮ್ಮ ನಕಲು ಕ್ಯಾಸೆಟ್ಟಿನವರಂತೂ ಮೂವತ್ತು ಲೈಫಿನ ಕಾಂಟ್ರಾವನ್ನು ಪಟ್ಟಿಯಲ್ಲೇ ಬೇರೆ ಆಟವೆಂಬಂತೆ ಸೇರಿಸಿ, ಕಲಿಯುವ ಕಷ್ಟವನ್ನೂ ತಪ್ಪಿಸಿದ್ದರು.

ಇನ್ನೊಂದು ಬಾಗಿಲು ಶಾಲೆ–ಕಾಲೇಜುಗಳ ಕಂಪ್ಯೂಟರ್ ಲ್ಯಾಬು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಆ ತಣ್ಣನೆಯ ಕೋಣೆಯಲ್ಲಿ ಬೇಸಿಕ್ ಕಲಿತವರಿಗಿಂತ ‘ಡೇವ್’ ಕಲಿತವರು ಹೆಚ್ಚು. ಕೆಂಪು ಟೋಪಿಯ ಆ ಹುಡುಗನನ್ನು 1988ರಲ್ಲಿ ಮಾಡಿದ ಜಾನ್ ರೊಮೆರೊ, ಐದು ವರ್ಷದ ನಂತರ ‘ಡೂಮ್’ ಮಾಡಿದ ತಂಡದಲ್ಲಿದ್ದವರು ಎಂದು ಆಗ ಯಾರಿಗೆ ಗೊತ್ತಿತ್ತು! ಡೇವ್ ಪಕ್ಕದಲ್ಲೇ ಇನ್ನೊಂದು ಡೈರೆಕ್ಟರಿಯಲ್ಲಿ ‘ಪ್ರಿನ್ಸ್’ ಇರುತ್ತಿತ್ತು. ಈ ಐವತ್ತು ವರ್ಷದ ಲೆಕ್ಕದಲ್ಲಿ ಒಂದೇ ಒಂದು ಆಟ ಆರಿಸಿ ಎಂದರೆ ನಾವು ಆರಿಸುವುದು ಅದನ್ನು.

ಜೋರ್ಡನ್ ಮೆಕ್ನರ್ ‘ಪ್ರಿನ್ಸ್ ಆಫ್ ಪರ್ಷಿಯಾ’ ಬರೆದದ್ದು ಆ್ಯಪಲ್ 2 ಕಂಪ್ಯೂಟರಿಗೆ, ಬಿಡುಗಡೆಯಾದದ್ದು 1989ರಲ್ಲಿ. ಅದಕ್ಕೂ ನಾಲ್ಕು ವರ್ಷ ಹಿಂದೆ ಅವರು ತಮ್ಮನಾದ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ ಒಂದು ಪಾರ್ಕಿಂಗ್ ಜಾಗದಲ್ಲಿ ಓಡಿಸಿ, ಹಾರಿಸಿ, ಜೋತುಬೀಳಿಸಿ ವಿಡಿಯೋ ಮಾಡಿಕೊಂಡರು. ಆ ವಿಡಿಯೋವನ್ನು ಟಿ.ವಿ.ಯಲ್ಲಿ ಒಂದೊಂದೇ ಚಿತ್ರಕ್ಕೆ ನಿಲ್ಲಿಸಿ ಫೋಟೋ ತೆಗೆದು, ಫೋಟೋದ ಮೇಲೆ ಪೆನ್ನಿನಿಂದ ಮೈಯ ಗೆರೆ ತಿದ್ದಿ, ಮತ್ತೆ ಕಂಪ್ಯೂಟರಿಗೆ ಏರಿಸಿದರು. ಕತ್ತಿವರಸೆಗೆ 1938ರ ‘ರಾಬಿನ್ ಹುಡ್’ ಸಿನಿಮಾದ ಎರಾಲ್ ಫ್ಲಿನ್ ನೆರವಾದ. ರಾಜಕುಮಾರ ಅಂಚಿನಲ್ಲಿ ತಡವರಿಸಿ ನಿಲ್ಲುವುದು, ಬಿದ್ದಮೇಲೆ ಮಂಡಿಯೂರಿ ಏಳುವುದು ಅಷ್ಟು ನಿಜವೆನಿಸಿದ್ದು ಇದಕ್ಕೇ. ಅವನು ಮುಳ್ಳಿನ ಗುಂಡಿಗೆ ಬಿದ್ದರೆ ಆಡುವವನ ಹೊಟ್ಟೆಯಲ್ಲಿ ಚಳುಕು ಏಳುತ್ತಿತ್ತು.

ಇಷ್ಟೆಲ್ಲ ಆದಮೇಲೆ ಆಟ ಸಪ್ಪೆ ಎನಿಸಿತು. ಹೊಡೆದಾಟ ಬೇಕು ಎಂದು ಗೆಳತಿ ಟೋಮಿ ಪಿಯರ್ಸ್ ಒತ್ತಾಯಿಸುತ್ತಿದ್ದರು. ಆದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಇನ್ನೊಬ್ಬ ಮನುಷ್ಯನ ಚಿತ್ರಕ್ಕೆ ಜಾಗವೇ ಉಳಿದಿರಲಿಲ್ಲ. ಮೆಕ್ನರ್ ಕಂಡುಕೊಂಡ ದಾರಿ ಹೀಗಿತ್ತು: ರಾಜಕುಮಾರನದೇ ಚಿತ್ರವನ್ನು ಸ್ವಲ್ಪ ಸರಿಸಿ ಅದರ ಮೇಲೇ ಹೊರಳಿಸಿ ಬಿಡಿಸಿದರೆ ಹೊಳೆಯುವ ಒಂದು ನೆರಳಿನಾಕೃತಿ ಬರುತ್ತದೆ, ಹೊಸ ಚಿತ್ರದ ಖರ್ಚಿಲ್ಲ. ಹಾಗೆ ಹುಟ್ಟಿದ್ದು ನೆರಳು ರಾಜಕುಮಾರ. ನಾಲ್ಕನೇ ಸ್ಟೇಜಿನಲ್ಲಿ ಕನ್ನಡಿಯೊಂದನ್ನು ಒಡೆದು ಹಾರಿದಾಗ ಅವನು ಹೊರಬೀಳುತ್ತಾನೆ. ಮುಂದೆ ಔಷಧಿ ಕದ್ದು ಕುಡಿಯುತ್ತಾನೆ, ಮುಖದೆದುರೇ ಬಾಗಿಲು ಹಾಕುತ್ತಾನೆ. ಹನ್ನೆರಡರಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತಾನೆ. ಹೊಡೆದರೆ ಅವನದೊಂದು ಲೈಫ್ ಹೋಗುತ್ತದೆ, ಜೊತೆಗೇ ನಮ್ಮದೂ ಒಂದು. ಕೊಂದರೆ ನಾವೂ ಸತ್ತೆವು. ಅರವತ್ತು ನಿಮಿಷದ ಗಡಿಯಾರ ಓಡುತ್ತಿದೆ. ಅಲ್ಲಿಯವರೆಗೆ ಆಟ ಕಲಿಸಿದ್ದೆಲ್ಲ ಹೊಡೆ ಎನ್ನುತ್ತದೆ. ಬಿಡುಗಡೆ ಇರುವುದು ಕತ್ತಿಯನ್ನು ಒರೆಗೆ ಸೇರಿಸುವುದರಲ್ಲಿ. ಆಗ ಅವನೂ ಕತ್ತಿ ಇಳಿಸುತ್ತಾನೆ. ಇಬ್ಬರೂ ಎದುರುಬದುರು ಓಡಿ ಒಬ್ಬರೊಳಗೊಬ್ಬರು ಸೇರಿಹೋಗುತ್ತಾರೆ.

ನಮ್ಮ ಲ್ಯಾಬುಗಳಲ್ಲಿ ಈ ಆಟದ ಕೈಪಿಡಿ ಯಾರ ಬಳಿಯೂ ಇರಲಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಬಂದದ್ದು. ಡಾಸ್ ಪರದೆಯಲ್ಲಿ ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪಿಸಿ, ಶಿಫ್ಟ್ ಮತ್ತು ಎಲ್ ಒತ್ತಿ ಸ್ಟೇಜು ಹಾರಿಸುವುದು ಹೇಗೆ ಬಾಯಿಂದ ಬಾಯಿಗೆ ಬಂತೋ, ಕತ್ತಿ ಇಳಿಸುವ ಗುಟ್ಟೂ ಹಾಗೆಯೇ ಬಂತು, ಹೆಚ್ಚಾಗಿ ಸೀನಿಯರುಗಳಿಂದ. ಹೇಳಿಸಿಕೊಳ್ಳದೆ ತಾನೇ ಕಂಡುಕೊಂಡವರು ಕಡಿಮೆ. ಕಂಡುಕೊಂಡವರು ಅದನ್ನು ಜೀವಮಾನವಿಡೀ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ.

ನೋಕಿಯಾದ ಹಾವಿನ ಆಟ, ತನೆಲಿ ಅರ್ಮಾಂಟೊ 1997ರಲ್ಲಿ ಬರೆದದ್ದು, ಬಹುಶಃ ನಮ್ಮ ಅಮ್ಮಂದಿರೂ ಅಜ್ಜಂದಿರೂ ಆಡಿದ ಮೊದಲ ವಿಡಿಯೋ ಗೇಮ್. ಸೈಬರ್ ಕೆಫೆಯ ಕಾಲಕ್ಕೆ ‘ಕೌಂಟರ್ ಸ್ಟ್ರೈಕ್’, ‘ಐಜಿಐ’, ‘ರೋಡ್ ರ‍್ಯಾಷ್’. ಅವುಗಳ ನಡುವೆ 2002ರ ‘ವೈಸ್ ಸಿಟಿ’ಯದು ಬೇರೆಯದೇ ಪಾಡು. ನಮ್ಮ ಹುಡುಗರು ಅದರ ಕತೆಯನ್ನು ಮುಗಿಸಿದ್ದಕ್ಕಿಂತ ಊರು ಸುತ್ತಿದ್ದೇ ಹೆಚ್ಚು. ‘ಪ್ಯಾಂಜರ್’ ಎಂದು ಟೈಪಿಸಿ ಟ್ಯಾಂಕು ತರಿಸಿಕೊಂಡು ಸಮುದ್ರತೀರದಲ್ಲಿ ಅಡ್ಡಾಡಿದವರು, ಕಟ್ಟುತ್ತಿರುವ ಕಟ್ಟಡದೊಳಗೆ ಆಟಿಕೆ ಹೆಲಿಕಾಪ್ಟರ್ ಹಾರಿಸಿ ಬಾಂಬಿಡುವ ಆ ಹಾಳು ಮಿಷನ್ನಿನಲ್ಲಿ ಸಿಕ್ಕಿಕೊಂಡು ಅಲ್ಲೇ ಬಿಟ್ಟವರು ಇವತ್ತು ನಲವತ್ತರ ಹೊಸ್ತಿಲಲ್ಲಿದ್ದಾರೆ. ಅದೇ ರಾಕ್‌ಸ್ಟಾರ್ ಕಂಪನಿ 2019ರಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಅನ್ನು ಕೊಂಡುಕೊಂಡಿತು. ಜಗತ್ತಿನ ದೊಡ್ಡ ಆಟಗಳ ಕಾರು, ಕಟ್ಟಡ, ಮರಗಳನ್ನು ವರ್ಷಗಳಿಂದ ಬಿಡಿಸಿಕೊಡುತ್ತಿದ್ದ ಸಂಸ್ಥೆ ಅದು. ಅಲ್ಲಿ ಕೂತು ಕೆಲಸ ಮಾಡಿದ ನಮ್ಮವರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ.

ಮುಂದೆ ಆಟಗಳು ಆಡುವವನ ಮನಸ್ಸಾಕ್ಷಿಯನ್ನೇ ನೇರವಾಗಿ ಮುಟ್ಟತೊಡಗಿದವು. ಫುಮಿತೊ ಉಎದ ಅವರ ‘ಇಕೊ’ (2001) ಆಟದಲ್ಲಿ ಹುಡುಗಿಯ ಕೈ ಹಿಡಿಯಬೇಕಾದರೆ ಒಂದು ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು. ಬೆರಳು ಸಡಿಲಿಸಿದರೆ ಕೈ ಬಿಟ್ಟಂತೆ. ನಾಲ್ಕು ವರ್ಷದ ನಂತರದ ‘ಶ್ಯಾಡೋ ಆಫ್ ದ ಕೊಲೋಸಸ್’ ಇನ್ನೂ ಕಠಿಣ. ಸತ್ತ ಹುಡುಗಿಯನ್ನು ಬದುಕಿಸಲು ಯುವಕನೊಬ್ಬ ನಿಷಿದ್ಧ ನಾಡಿಗೆ ಬರುತ್ತಾನೆ. ಹದಿನಾರು ದೈತ್ಯರನ್ನು ಕೊಂದರೆ ಆಗಬಹುದು ಎನ್ನುತ್ತದೆ ಒಂದು ಅಶರೀರವಾಣಿ. ಆಟದಲ್ಲಿ ಬೇರೆ ವೈರಿಗಳೇ ಇಲ್ಲ. ಹದಿಮೂರನೆಯ ದೈತ್ಯ ಮರಳುಗಾಡಿನ ಮೇಲೆ ಹಾರುತ್ತಾ ಇರುತ್ತದೆ, ಕೊನೆಯವರೆಗೂ ನಮಗೆ ಏನೂ ಮಾಡುವುದಿಲ್ಲ. ಬಾಣ ಬಿಟ್ಟು ಅದನ್ನು ಕೆಳಗಿಳಿಸಿ, ಮೈಮೇಲೆ ಹತ್ತಿ, ಕತ್ತಿ ಇಳಿಸಬೇಕಾದವರು ನಾವು. ಅದು ಬಿದ್ದಾಗ ಜಯಭೇರಿ ಕೇಳುವುದಿಲ್ಲ. ಶೋಕದ ಸಂಗೀತ ಕೇಳುತ್ತದೆ, ಕಪ್ಪು ಎಳೆಗಳು ಬಂದು ಯುವಕನ ಮೈ ಹೊಗುತ್ತವೆ. ಒಂದೊಂದು ಗೆಲುವಿಗೂ ಅವನ ಚರ್ಮ ಇನ್ನಷ್ಟು ಕಂದುತ್ತಾ ಹೋಗುತ್ತದೆ. ಬೇಡ ಅನಿಸಿದರೆ ಆಟ ನಿಲ್ಲಿಸಿ ಎದ್ದುಹೋಗಬಹುದು. ಆದರೆ ಬಹಳಷ್ಟು ಮಂದಿ ಎದ್ದುಹೋಗುವುದಿಲ್ಲ, ಆ ಕಿರಿಕಿರಿಯೇ ಅವರೊಡನೆ ಉಳಿಯುತ್ತದೆ.

ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಇದೇ ಜಾಡಿನದು. ಸರಯೇವೋ ನಗರದ ಮುತ್ತಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆಟ. ಇಲ್ಲಿ ನಾವು ಸೈನಿಕರಲ್ಲ, ಮುರುಕು ಮನೆಯೊಳಗೆ ಅಡಗಿದ ಸಾಮಾನ್ಯರು. ಮದ್ದು, ಕಾಳು ಮುಗಿದಾಗ ರಾತ್ರಿ ಹೊರಗೆ ಹೋಗಿ ತರಬೇಕು. ಒಂದು ಮನೆಯಲ್ಲಿ ಬರೀ ಇಬ್ಬರು ಮುದುಕರು. ಅವರಿಗೆ ತಡೆಯುವ ಶಕ್ತಿಯಿಲ್ಲ; ಬೇಡಪ್ಪಾ ಎಂದು ಅಂಗಲಾಚುತ್ತಾರೆ ಅಷ್ಟೆ. ದೋಚಿ ತಂದರೆ ನಮ್ಮ ಪಾತ್ರಗಳೇ ಮಂಕಾಗಿ ಕುಸಿಯುತ್ತವೆ. ಪೋಲೆಂಡ್ ಸರ್ಕಾರ 2020ರಲ್ಲಿ ಇದನ್ನು ಶಾಲಾ ಮಕ್ಕಳ ಓದಿನ ಪಟ್ಟಿಗೆ ಪುಸ್ತಕಗಳ ಜೊತೆ ಸೇರಿಸುವುದಾಗಿ ಪ್ರಕಟಿಸಿತು.

ನಮ್ಮಲ್ಲಿ ಅದೇ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ‘ಪಬ್‌ಜಿ ಮೊಬೈಲ್’ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಲಾಕ್‌ಡೌನಿನ ತಿಂಗಳುಗಳಲ್ಲಿ ಅದನ್ನು ಆಡಿದವರನ್ನು ಕೇಳಿ ನೋಡಿ. ಅವರಿಗೆ ನೆನಪಿರುವುದು ಬಂದೂಕಲ್ಲ. ಊರಿಗೊಬ್ಬರಂತೆ ಚದುರಿಹೋದ ನಾಲ್ವರು ಗೆಳೆಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ “ಲೋ, ನನ್ನೊಬ್ಬನ್ನೇ ಬಿಟ್ಟು ಎಲ್ಲೋದ್ರೋ” ಎಂದು ಕೂಗಿಕೊಂಡಿದ್ದು. ಕಾಂಟ್ರಾದ ಜಲಪಾತವೇ ಅದು, ನಡುವಿನ ದೂರ ಮಾತ್ರ ಹೆಚ್ಚಾಗಿದೆ. ಇನ್ನು ಇವತ್ತು ಫೋನಿನಲ್ಲಿ ಪುಕ್ಕಟೆ ಸಿಗುವ ಬಹುಪಾಲು ಆಟಗಳ ಬಗ್ಗೆ ನಮಗೆ ಅಷ್ಟು ಭರವಸೆಯಿಲ್ಲ. ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ, ಬರದಿದ್ದರೆ ನಷ್ಟ ಎಂಬ ಲೆಕ್ಕದ ಮೇಲೆ ನಿಂತ ಆಟ ಅಭ್ಯಾಸ ಬೆಳೆಸುತ್ತದೆ, ನೆನಪನ್ನು ಬೆಳೆಸುತ್ತದೆಯೇ ಎಂಬುದು ಅನುಮಾನ. ವಿಯೆಟ್ನಾಮಿನ ಡಾಂಗ್ ನ್ಯುಯೆನ್ ತಮ್ಮ ‘ಫ್ಲಾಪಿ ಬರ್ಡ್’ ಜನರಿಗೆ ಚಟವಾಗುತ್ತಿದೆ ಎಂದು 2014ರ ಫೆಬ್ರುವರಿಯಲ್ಲಿ, ಅದು ಡೌನ್‌ಲೋಡ್ ಪಟ್ಟಿಯ ತುದಿಯಲ್ಲಿದ್ದಾಗಲೇ, ತೆಗೆದುಹಾಕಿದರು. ಅಂಥವರು ಆ ಉದ್ಯಮದಲ್ಲಿ ಮತ್ತೆ ಹೆಚ್ಚು ಕಾಣಿಸಲಿಲ್ಲ.

ಕನ್ನಡ ಪತ್ರಿಕೆಗಳ ಪಾಲನ್ನೂ ಇಲ್ಲಿ ಹೇಳಬೇಕು. ಗೇಮ್ ಎಂದರೆ ನಮ್ಮಲ್ಲಿ ಎರಡೇ ಸುದ್ದಿ: ಮಕ್ಕಳ ಚಟ, ದುಡ್ಡು ಕಟ್ಟಿ ಆಡುವ ಜೂಜು. ಎರಡೂ ಸುಳ್ಳಲ್ಲ. ಹಣದ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ಆದರೆ ಸಿನಿಮಾಕ್ಕೆ, ನಾಟಕಕ್ಕೆ, ಯಕ್ಷಗಾನಕ್ಕೆ ವಿಮರ್ಶೆ ಬರೆಯುವ ನಾವು, ಎರಡು ತಲೆಮಾರು ಕೂತು ಆಡಿದ ಆಟಗಳ ಬಗ್ಗೆ ಒಂದು ಪುಟ ಬರೆಯುವ ಗೋಜಿಗೆ ಹೋಗಿಲ್ಲ.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಂತೆ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಇವತ್ತು ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗುವುದಿಲ್ಲ. ಪ್ರಿನ್ಸ್ ಕೂಡ ಸ್ವಲ್ಪದರಲ್ಲಿ ಪಾರಾದದ್ದು. ಅದರ ಮೂಲ ಪ್ರೋಗ್ರಾಮು ಕಳೆದೇಹೋಯಿತೆಂದು ಮೆಕ್ನರ್ ಕೈಚೆಲ್ಲಿದ್ದರು. 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ಮೆಕ್ನರ್ ಅವನ್ನು ಓದಲು ಬರುವ ಯಂತ್ರ ಹುಡುಕಿ, ಬಲ್ಲವರನ್ನು ಕರೆಸಿ ಅದನ್ನು ಎತ್ತಿ, ಯಾರು ಬೇಕಾದರೂ ನೋಡುವಂತೆ ಇಂಟರ್‌ನೆಟ್ಟಿಗೆ ಹಾಕಿದರು. ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಇರುವುದು ನಕಲು ಕ್ಯಾಸೆಟ್ಟು, ಹೆಸರಿಲ್ಲದ ಸಿ.ಡಿ. ಅವನ್ನು ಯಾವ ಸಂಸ್ಥೆಯೂ ಕಾಪಿಡುವುದಿಲ್ಲ. ಆದರೆ ಬೇಸಿಗೆಯಲ್ಲಿ ಟಿ.ವಿ. ಗೇಮ್ ಬಾಡಿಗೆಗೆ ಕೊಡುತ್ತಿದ್ದವರು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಮೋಟಿನ ರಬ್ಬರು ಬದಲಿಸಿಕೊಡುತ್ತಿದ್ದವರು, ಜಿಲ್ಲಾ ಕೇಂದ್ರಗಳಲ್ಲಿ ಗಂಟೆಗಿಷ್ಟೆಂದು ಸೈಬರ್ ಕೆಫೆ ನಡೆಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಆಟ ಯಾವ ವರ್ಷ ಯಾವ ಊರಿಗೆ ಹೇಗೆ ಬಂತು, ಮಕ್ಕಳು ಯಾವುದಕ್ಕೆ ಸಾಲುಗಟ್ಟಿದರು ಎಂದು ಅವರು ಇವತ್ತು ಹೇಳಬಲ್ಲರು. ಯಾವುದಾದರೂ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ಒಂದು ವರ್ಷದ ವಿದ್ಯಾರ್ಥಿಗಳನ್ನು ಇದಕ್ಕೆ ಕಳಿಸಿದರೆ ಮೂವತ್ತು ನಲವತ್ತು ಸಂದರ್ಶನಗಳು ಆರಾಮಾಗಿ ಸಿಕ್ಕುತ್ತವೆ.